ಸರತಿಯಲ್ಲಿದ್ದ ಚಪ್ಪಲಿ

“ಆಸ್ಪತ್ರಿ ಬಾಗಲ್ದಾಗ ರಾಯವ್ವ ಕುಂತ್ಲಂದ್ರ ಡಿಸಿ ಸಾಹೇಬರೂ ಸರತೀಲೇ ಬರಬೇಕು,” ಎಂದು ನಮ್ಮ ಓಣಿಯವರು ಅನ್ನುತ್ತಿದ್ದರು.

ತುಕ್ಕಾನಟ್ಟಿಯಾಚೆಯ ನಮ್ಮ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವಳು ಇಪ್ಪತ್ತೆಂಟು ವರ್ಷ ಆಯಾ ಆಗಿದ್ದವಳು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ಜಾಗಕ್ಕೆ ಯಾರೂ ಬರಲಿಲ್ಲ, ಸಂಬಳವಿಲ್ಲದಿದ್ದರೂ ಅವಳೇ ಬಂದು ಬಾಗಿಲಲ್ಲಿ ಕೂಡುತ್ತಿದ್ದಳು. ಡಾಕ್ಟರೂ ಅಷ್ಟೇ, ಎರಡು ಊರಿಗೆ ಒಬ್ಬರು. ನಮಗೆ ಮಂಗಳವಾರ, ಶುಕ್ರವಾರ ಮಧ್ಯಾಹ್ನದವರೆಗೆ, ಆಮೇಲೆ ಆ ಇನ್ನೊಂದು ಊರಿಗೆ. ಆ ದಿನ ಮಂದಿ ನಸುಕಿನಲ್ಲೇ ಬಂದು ಬಾಗಿಲ ಮುಂದೆ ಚಪ್ಪಲಿ ಸಾಲಾಗಿ ಬಿಟ್ಟು, ತಾವು ಬೇವಿನ ಕೆಳಗೆ ಕೂಡುವರು. ಒಬ್ಬರು ಒಳಗೆ ಹೋದರೆ ರಾಯವ್ವ ಕೋಲಿನಿಂದ ಎಲ್ಲ ಜೋಡನ್ನೂ ಒಂದು ಗೇಣು ಮುಂದೆ ತಳ್ಳುವಳು. ಅವತ್ತು ಉಳಿದ ಚಪ್ಪಲಿಗೆ ಮುಂದಿನ ಸಲ ಮೊದಲ ಪಾಳಿ, ಅದು ಅವಳದೇ ಕಾನೂನು. ಒಮ್ಮೆ ಪಂಚಾಯಿತಿ ಮೆಂಬರನ ಬೂಟು ನಡುವೆ ತೂರಿದಾಗ ಕೋಲಿನ ತುದಿಗೆ ಸಿಕ್ಕಿಸಿ ಕೊನೆಗೆ ಒಯ್ದಿಟ್ಟಿದ್ದಳು.

ಹೋದ ಶ್ರಾವಣದ ಒಂದು ಶುಕ್ರವಾರ ಅವಳಿಗೇ ಎದೆ ಹಿಡಿಯಿತು.

“ಗೋಕಾಕಕ್ಕ ಹೋಗೂನು ನಡೀರಿ ಅತ್ತಿ,” ಎಂದಳು ಸೊಸೆ ಆಮ್ರಪಾಲಿ.

“ಡಾಕ್ಟರ್ ಊರಿಗೇ ಬರೂ ದಿನ ಗೋಕಾಕ ಯಾಕ? ನನ್ನ ಚಪ್ಲಿ ಒಯ್ದು ಸಾಲಿನ್ಯಾಗ ಇಟ್ಟ ಬಾ.”

“ನರ್ಸ್ ಅಕ್ಕಗ ಹೇಳ್ತೇನಿ, ಮುಂದ ಬಿಡ್ತಾರ.”

“ಬಿಡ್ತಾರ! ಮೆಂಬರನ ಬೂಟ ಹಿಂದ ಹಾಕಿದಾಕಿ ನಾ. ಇವತ್ತ ನಾನ ಮುಂದ ನುಗ್ಗಿದ್ರ ಅಂವಾ ನಗೂದಿಲ್ಲೇನ?”

ಆಮ್ರಪಾಲಿ ಹೋಗಿ ಇಟ್ಟು ಬಂದಳು. ನಲವತ್ತೊಂದನೆಯ ಜೋಡು. ಜ್ವರದ ಮಂದಿ ಬಹಳವಿತ್ತು. ಚಪ್ಪಲಿ ಕಂಡವರು ಮುದುಕಿ ಇಲ್ಲೇ ಎಲ್ಲೋ ಕುಳಿತಿದ್ದಾಳೆ ಅಂದುಕೊಂಡು ಅವಳ ಜೋಡನ್ನೂ ನ್ಯಾಯವಾಗಿ ಮುಂದೆ ತಳ್ಳುತ್ತ ಬಂದರು. ಅವಳಿಗೇನಾಗಿದೆ ಎಂದು ಯಾರೂ ಕೇಳಲಿಲ್ಲ. ಚಪ್ಪಲಿ ನೋಡಿದರೆ ಬೇನೆ ತಿಳಿಯುತ್ತದೆಯೇ?

ಮಧ್ಯಾಹ್ನ ಬಾಜೂ ಮನೆಯ ಶೆಟ್ಟೆಪ್ಪ ಓಡಿಬಂದ. “ಯವ್ವಾ, ಡಾಕ್ಟರ್ ಎದ್ದ ಹ್ವಾದ್ರು! ಆ ಊರಾಗೂ ಮಂದಿ ಕುಂತೈತಂತ. ನಿನ್ನ ಮುಂದ ಎರಡ ಜೋಡ ಇದ್ವು, ಬರೇ ಎರಡ!”

ರಾಯವ್ವನ ಸೆರಗು ಬೆವರಿಗೆ ತೊಯ್ದಿತ್ತು. ಆಂಬುಲೆನ್ಸ್‌ಗೆ ಫೋನು ಮಾಡಿದರೆ, ಹೆರಿಗೆಯವಳನ್ನು ಕರೆದುಕೊಂಡು ಬೆಳಗಾವಿಗೆ ಹೋಗಿದೆ ಎಂದರು. ಶೆಟ್ಟೆಪ್ಪ ತನ್ನ ಟೆಂಪೊದಿಂದ ಹಾಲಿನ ಕ್ಯಾನು ಇಳಿಸಿ ಗಾಡಿಯನ್ನೇ ಬಾಗಿಲಿಗೆ ತಂದ. ಸೊಸೆ ತೋಳು ಹಿಡಿದಳು. ಹೊಸ್ತಿಲ ಹೊರಗೆ ರಾಯವ್ವನ ಕಾಲುಗಳು ರೂಢಿಯಂತೆ ನೆಲ ತಡಕಾಡಿದವು.

“ಓಡಿಹೋಗಿ ನಿಮ್ಮ ಚಪ್ಲಿ ತರ್ಲೇನ್ರಿ ಅತ್ತಿ?”

“ಬ್ಯಾಡ. ಅಲ್ಲೇ ಇರ್ಲಿ. ಮಂಗಳವಾರ ಮೂರನೇ ನಂಬರ್ ಅಕ್ಕೈತಿ.”

ಆ ಮನೆಯಿಂದ ಅವಳು ಹೊರಬಿದ್ದದ್ದು ಅದೇ ಕಡೆಯ ಸಲ, ಜೀವಂತ ತಿರುಗಿ ಬರಲಿಲ್ಲ. ಮಳೆಯ ಕೆಸರಿನಲ್ಲಿ ಬರಿಗಾಲಿಡುತ್ತ ಟೆಂಪೊ ಹತ್ತಿದಳು.