ಖಾಲಿ ಫೈಲಿನ ಮೇಲೆ ಉಮಾಮಹೇಶ್ವರಿಯ ದಂಡಯಾತ್ರೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಉಮಾಮಹೇಶ್ವರಿಯವರು ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಸಮರ ಸಾರಿದರು. ಶತ್ರುವಿನ ಬಳಿ ಆನೆ ಇರಲಿಲ್ಲ, ಕುದುರೆ ಇರಲಿಲ್ಲ. ಹರಿಹರದಲ್ಲಿ ಎರಡು ಕೋಣೆಯ ಕಂಪನಿ ಇತ್ತು. ಜೊತೆಗೆ ತಿಂಗಳ ಮೊದಲ ವಾರ ಸಂಬಳವನ್ನೂ ಅವನೇ ಕೊಡುತ್ತಿದ್ದ. ಇಷ್ಟು ಅನುಕೂಲದ ಶತ್ರು ಯಾವ ಚಕ್ರವರ್ತಿಗೂ ಸಿಕ್ಕಿರಲಿಕ್ಕಿಲ್ಲ.

ಆತನ ಹೆಸರು ಕೊಟ್ಟೂರೇಶ್. ಮಂಡಿಪೇಟೆಯಲ್ಲಿ ತಕ್ಕಡಿ ಮಾರುವ ಮನೆತನದವನು, ತಾನು ಸಾಫ್ಟ್‌ವೇರ್ ಮಾರಲು ಹೊರಟಿದ್ದ. ಸರಕು ಒಂದೇ: ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆಂದು ಊರವರ ಮೊಬೈಲಿಗೆ ಮೆಸೇಜ್ ಕಳಿಸುವ ಸರ್ವರ್. ಸುತ್ತಲಿನ ನಲವತ್ತು ಪಂಚಾಯಿತಿಗಳು ಅದನ್ನು ಕೊಂಡಿದ್ದವು. ಅದನ್ನು ಪ್ಯಾಕೇಜ್ ಮಾಡಿ ಕಳಿಸುವುದು, ಆಮೇಲೆ ಸಹಾಯವಾಣಿಯ ಫೋನ್ ಎತ್ತಿ ಬೈಸಿಕೊಳ್ಳುವುದು, ಎರಡೂ ಉಮಾಮಹೇಶ್ವರಿಯವರ ಕೆಲಸ.

ಪ್ಯಾಕೇಜಿನೊಳಗೆ ಒಂದು ಸೆಟ್ಟಿಂಗ್ ಫೈಲ್. ಊರು, ಸಮಯ, ಪಾಸ್‌ವರ್ಡ್ ಎಂದು ಹದಿನೇಳು ಸಾಲು ತುಂಬಿದರೆ ಸರ್ವರ್ ಏಳುತ್ತದೆ. ಇಲ್ಲದಿದ್ದರೆ ಮುಸುಕು ಹೊದ್ದು ಮಲಗುತ್ತದೆ. ಹದಿನೇಳೂ ಖಾಲಿಯಾಗಿಯೇ ಹೋಗಬೇಕೆಂಬುದು ಕೊಟ್ಟೂರೇಶನ ರಾಜಾಜ್ಞೆ.

"ತಕ್ಕಡಿ ಮಾರೋರು ಜೊತಿಗೆ ಅಕ್ಕೀನೂ ಕೊಡ್ತಾರೇನ್ರಿ ಮೇಡಂ? ಅವರವರ ಊರು ಅವರೇ ತುಂಬ್ಕೊಳ್ಳಲಿ."

"ಅಕ್ಕಿ ಕೊಡಲ್ಲ ಸರ್. ಆದ್ರೆ ಮುಳ್ಳು ಸೊನ್ನೆಗೆ ನಿಲ್ಸಿ ಕೊಡ್ತಾರೆ."

ಕೊಟ್ಟೂರೇಶನ ಆಜ್ಞೆ ಬದಲಾಗಲಿಲ್ಲ. ಉತ್ತರ ಕೊಡಬೇಕಾದ ಫೋನ್‌ಗಳೆಲ್ಲ ಬರುತ್ತಿದ್ದುದು ಅವನಿಗಲ್ಲವಲ್ಲ. ದಿನಾ ಮೊದಲ ಫೋನ್ ಕೊಕ್ಕನೂರಿನ ರೇವಣ್ಣನದು. ಊರಿಗೆ ನೀರು ಬಿಡುವ ನೀರುಗಂಟಿ ಆತ. ಪಂಚಾಯಿತಿಯವರು ಕಂಪ್ಯೂಟರನ್ನೂ ಅವನ ತಲೆಗೇ ಕಟ್ಟಿದ್ದರು.

"ಅಕ್ಕಾ, ಸರ್ವರ್ ಎದ್ದಿಲ್ರಿ."

"ಕೈಪಿಡಿ ನಲವತ್ತನೇ ಪುಟ ಓದ್ರಿ ರೇವಣ್ಣ." ಹೀಗೇ ಹೇಳಬೇಕೆಂದು ಕಂಪನಿಯ ಕಟ್ಟಪ್ಪಣೆ.

"ಓದ್ದೆ. ಹನ್ನೆರಡನೇ ಪುಟ ನೋಡು ಅಂತೈತೆ. ಹನ್ನೆರಡನೇದು ನಲವತ್ತು ನೋಡು ಅಂತೈತೆ. ನಾನು ನೀರು ಬಿಡ್ಲೋ, ಪುಟ ತಿರುವ್ಲೋ?"

ಒಂದು ಮಂಗಳವಾರ ಉಮಾಮಹೇಶ್ವರಿಯವರು ಸೆರಗು ಸಿಕ್ಕಿಸಿ ಹದಿನೇಳೂ ಸಾಲುಗಳನ್ನು ತುಂಬಿದರು. ಊರಿನ ಹೆಸರಿಗೆ ಏನೋ ಒಂದು ಬೇಕಲ್ಲ, ತಮ್ಮ ಬಡಾವಣೆಯನ್ನೇ ಹಾಕಿದರು. ಒಡೆಯನನ್ನು ಕೇಳದೆ ನಲವತ್ತೂ ಊರಿಗೆ ಕಳಿಸಿದರು. ನಲವತ್ತೂ ಸರ್ವರ್‌ಗಳು ಎದ್ದು ಕೂತವು. ಆ ದಿನ ಸಹಾಯವಾಣಿಯ ಫೋನ್ ಒಂದು ಸಲವೂ ಬಡಿದುಕೊಳ್ಳಲಿಲ್ಲ. ದಿಗ್ವಿಜಯ!

ದಿಗ್ವಿಜಯದ ಆಯುಷ್ಯ ಒಂದು ದಿನ. ಬುಧವಾರ ಬೆಳಿಗ್ಗೆ ನಲವತ್ತು ಊರುಗಳ ಸಮಸ್ತ ಮೊಬೈಲುಗಳಿಗೆ ಮೆಸೇಜ್ ಹೋಯಿತು: ನಿಜಲಿಂಗಪ್ಪ ಬಡಾವಣೆಗೆ ಆರು ಗಂಟೆಗೆ ನೀರು. ಕೊಕ್ಕನೂರಿನ ಕರಿಯವ್ವ ಸಹಾಯವಾಣಿಗೇ ಫೋನ್ ಮಾಡಿದಳು.

"ನೀರು ದಾವಣಗೆರೆಯಾಗಂತೆ. ಕೊಡ ಹೊತ್ಕಂಡು ಬಸ್ ಹತ್ಲೇನವ್ವ? ಕೊಡಕ್ಕೂ ಟಿಕೆಟ್ ತಗಾಬೇಕಾ?"

ಕೊಟ್ಟೂರೇಶ್ ಅಬ್ಬರಿಸಿದ. "ಶುಕ್ರವಾರ ಸಂಜೆ ಒಳಗೆ ತಪ್ಪೊಪ್ಪಿಗೆ ಪತ್ರ ನನ್ನ ಟೇಬಲ್ ಮ್ಯಾಲೆ ಇರ್ಬೇಕು. ಫೈಲ್ ಮತ್ತೆ ಖಾಲಿ ಆಗ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ಬರೋದು ಬ್ಯಾಡ."

ಹದಿಮೂರು ವರ್ಷದ ನೌಕರಿ. ಉಮಾಮಹೇಶ್ವರಿಯವರು ಪತ್ರ ಬರೆಯಲು ಕೂರಲಿಲ್ಲ. ಗುರುವಾರ ರಜೆ ಹಾಕಿ ಕೊಕ್ಕನೂರಿನ ಬಸ್ ಹತ್ತಿದರು. ಕ್ಷಮೆ ಕೇಳುವುದಾದರೆ ಮುಂಜಾನೆಯೇ ಕೊಡ ಹಿಡಿದು ನಿಂತವರನ್ನು ಕೇಳಬೇಕು, ಎಸಿ ಕೆಳಗೆ ಕೂತವನನ್ನಲ್ಲ. ಕರಿಯವ್ವನನ್ನು ಕೇಳಿದರು. ಆಕೆ ಇನ್ನೆರಡು ಮಾತು ಅಂದು ಚಹಾ ಕೊಟ್ಟಳು.

ಪಕ್ಕದ ಹೊಸ ಮನೆಗೆ ರೇವಣ್ಣ ನಲ್ಲಿ ಕೂರಿಸುತ್ತಿದ್ದ. ಕೂರಿಸಿ, ಬಕೆಟ್ ಇಟ್ಟು, ಅರ್ಧ ಬಕೆಟ್ ನೀರು ಬಿಟ್ಟು ಮನೆಯವರಿಗೆ ತೋರಿಸಿದ. ಆಮೇಲೆ ಬಿಗಿಯಾಗಿ ಬಂದ್ ಮಾಡಿ, ಮನೆಯೊಡತಿಯ ಕೈಯನ್ನೇ ನಲ್ಲಿಯ ಮೇಲೆ ಇಡಿಸಿದ.

"ಬರ್ತಿರೋ ನೀರು ಯಾಕ ಬಂದ್ ಮಾಡ್ತೀರಿ ರೇವಣ್ಣ?"

"ತೋರಿಸ್ದೆ ಹೋದ್ರೆ ನೀರು ಬರಲ್ಲ ಅಂತ ನನ್ ಮನೀಗೆ ಬರ್ತಾರೆ. ಬಿಟ್ಟು ಹೋದ್ರೆ ಓಣಿಯೆಲ್ಲ ಕೆಸರು. ನಲ್ಲಿ ಅವರ್ದು. ತಿರುವೋ ಕೈಯೂ ಅವರ್ದೇ ಆಗ್ಬೇಕು."

ಉಮಾಮಹೇಶ್ವರಿಯವರು ಚಹಾ ಪೂರ್ತಿ ಕುಡಿಯಲಿಲ್ಲ. ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆಗೆದರು. ಹೊಸ ಫೈಲಿನಲ್ಲಿ ಸರ್ವರ್ ಮೊದಲ ಕ್ಷಣದಲ್ಲೇ ಏಳುತ್ತದೆ, ಮೆಸೇಜನ್ನೂ ಕಳಿಸುತ್ತದೆ. ಆದರೆ ಎದುರಿಗೆ ಕೂತವರ ಪರದೆಗೆ ಮಾತ್ರ. ಅರ್ಧ ಬಕೆಟ್. ಊರಿನ ಹೆಸರನ್ನೂ ತಮ್ಮದೇ ಪಾಸ್‌ವರ್ಡನ್ನೂ ಅವರೇ ಕೊಡುವವರೆಗೆ ಹೊರಗೆ ಒಂದು ಹನಿಯೂ ಹೋಗದು.

ಶುಕ್ರವಾರ ಸಂಜೆ ತಪ್ಪೊಪ್ಪಿಗೆ ಪತ್ರ ಟೇಬಲ್ ಮೇಲೆ ಬಂತು. "ಇವರಿಗೆ: ______. ತಪ್ಪು: ______. ಕಾರಣ: ______."

"ಏನ್ರಿ ಇದು?"

"ಖಾಲಿ ಫೈಲ್ ಸರ್. ನೀವೇ ತುಂಬ್ಕೊಳ್ರಿ. ಸಹಿ ಬ್ಯಾರೆ ಬೇಕಂದ್ರೆ ಒಂದು ಕೆಲಸ ಮಾಡ್ರಿ. ನಿಮ್ಮ ಖಾಲಿ ಪ್ಯಾಕೇಜ್ ನೀವೇ ಹಾಕಿ ಸರ್ವರ್ ಎಬ್ಬಿಸ್ರಿ. ಎದ್ರೆ ನಾನು ಸಹಿ ಮಾಡ್ತೀನಿ, ಸೋಮವಾರದಿಂದ ಬರೋದೂ ಇಲ್ಲ."

"ಅದೇನ್ ಮಹಾ?" ಎಂದ ಮಹಾರಾಜ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದು ತಾಸಾಯಿತು. ನಾಲ್ಕನೇ ಸಾಲು ತಪ್ಪು ಎಂದಿತು ಸರ್ವರ್. ತಿದ್ದಿದ. ಒಂಬತ್ತನೇ ಸಾಲು ತಪ್ಪು ಎಂದಿತು. ಕೈಪಿಡಿ ತೆರೆದ. ನಲವತ್ತರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ನಲವತ್ತಕ್ಕೆ ಪಯಣ ಬೆಳೆಸಿದ. ಕೊನೆಗೆ ಬೆವರೊರೆಸುತ್ತ, ಕೈಪಿಡಿಯ ಹಿಂಬದಿಗೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿದ.

ಬಾಗಿಲಾಚೆ ಉಮಾಮಹೇಶ್ವರಿಯವರ ಟೇಬಲ್ ಮೇಲೆ ಫೋನ್ ಬಡಿದುಕೊಂಡಿತು.

"ನಮಸ್ಕಾರ, ಸಹಾಯವಾಣಿ. ಹೇಳ್ರಿ."

ಆ ಕಡೆಯಿಂದ ಪುಟ ತಿರುವುವ ಸದ್ದು ಬಂತು.

"ನಲವತ್ತನೇ ಪುಟ ಓದ್ರಿ ಸರ್," ಎಂದು ಅವರು ಫೋನ್ ಇಟ್ಟರು.

ಸೋಮವಾರ ಹೋದ ಪ್ಯಾಕೇಜ್ ಅರ್ಧ ಬಕೆಟ್ಟಿನದು. ತಪ್ಪೊಪ್ಪಿಗೆ ಪತ್ರವನ್ನು ಇದುವರೆಗೆ ಯಾರೂ ತುಂಬಿಲ್ಲ. ಆ ದಿನ ಹನ್ನೊಂದು ಗಂಟೆಗೆ ಕೊಕ್ಕನೂರಿನಿಂದ ಫೋನ್ ಬಂದಾಗ ಮಾತ್ರ ಉಮಾಮಹೇಶ್ವರಿಯವರು ಮೊದಲು ಹೊಸ ಫೈಲನ್ನು ತೆರೆದಿಟ್ಟುಕೊಂಡು ಆಮೇಲೆ ಎತ್ತಿದರು.

"ಅಕ್ಕಾ, ಸರ್ವರ್ ಎದ್ದೈತೆ. ಊರ ಹೆಸ್ರು ಕೇಳ್ತು, ಕೊಕ್ಕನೂರು ಅಂತ ನಾನೇ ಹಾಕ್ದೆ."

"ಮತ್ಯಾಕ ಫೋನ್ ಮಾಡಿದ್ರಿ?"

"ನಿಮ್ ಬಡಾವಣಿಗೆ ಇವತ್ತು ನೀರು ಬಂತೋ ಇಲ್ಲೋ ಕೇಳಾಣ ಅಂತ. ಕರಿಯವ್ವ ವಿಚಾರಿಸ್ತಿದ್ಲು."