ಕಮಾನಿನ ಕೆಳಗೆ ನಿಂತವರು

ಹೋದ ತಿಂಗಳು ನಮ್ಮ ಕಚೇರಿಯ ಅಂಗಳದಲ್ಲಿ ಗಾರೆ ಕಲಸುತ್ತಿದ್ದರು. ಬೆಲ್ಲದ ನೀರು ಬೆರೆತ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ಗೌಂಡಿ ಕಾಕಾ ಕಣ್ಣ ಮುಂದೆ ಬಂದು ನಿಂತರು...

ನಮ್ಮೂರ ತಾಲೂಕು ಕಚೇರಿ ವಿಕ್ಟೋರಿಯಾ ರಾಣಿಯ ಕಾಲದ್ದು. ನಿಜಾಮನ ಸೀಮೆಯಲ್ಲಿ ಇಂಗ್ಲಿಷರ ನಮೂನೆಗೆ ಕಟ್ಟಿದ ಎತ್ತರದ ಕಮಾನು, ಎರಡು ಮೊಳ ದಪ್ಪದ ಗೋಡೆ, ಬಿರುಬೇಸಿಗೆಯಲ್ಲೂ ಒಳಗೆ ತಂಪು. ಪಕ್ಕದ ಕುಷ್ಟಗಿಯವರು ತಮ್ಮ ದಾಳಿಂಬೆಯ ಬಗ್ಗೆ ಎಷ್ಟಾದರೂ ಕೊಚ್ಚಿಕೊಳ್ಳಲಿ, ಇಂಥ ಕಮಾನು ತೋರಿಸಲಿ ನೋಡೋಣ! ನಾನು ಅಲ್ಲಿ ಗುಮಾಸ್ತಳಾಗಿ ಸೇರಿದ ವರ್ಷವೇ ಮುಂಬಾಗಿಲ ಕಮಾನು ಬಿರುಕು ಬಿಟ್ಟಿತು. ಕಟ್ಟಡ ಕೆಡವುವುದೇ ಲೇಸು ಎಂದರು ಇಂಜಿನಿಯರ್ ಸಾಹೇಬರು.

ಕಾಕಾ ಕರೆಯದೆಯೇ ಬಂದು ಗೋಡೆಗೆ ಅಂಗೈ ಒತ್ತಿ ನೋಡಿದರು.

"ತಪ್ಪು ಗೋಡೀದಲ್ರಿ ಸಾಹೇಬ್ರ, ನಂದು. ಸುಣ್ಣದ ಮ್ಯಾಗ ಸಿಮೆಂಟು ಬಳದಾಂವ ನಾನ. ಗೋಡಿಗೆ ಉಸಿರು ಕಟ್ಟೇತಿ."

ಇಡೀ ಕಚೇರಿಯ ಎದುರು ಹೀಗೆ ತಪ್ಪೊಪ್ಪಿಕೊಂಡ ಇನ್ನೊಬ್ಬ ಗೌಂಡಿಯನ್ನು ನಾನಂತೂ ಕಂಡಿಲ್ಲ. ಸಾಹೇಬರು ಒಂದು ಅವಕಾಶ ಕೊಟ್ಟರು. ಕಮಾನು ನಿಂತರೆ ಕಟ್ಟಡ ಉಳಿಯುತ್ತದೆ, ಇಲ್ಲದಿದ್ದರೆ ನೆಲಸಮ.

ಕಾಕಾ ಕಮಾನಿಗೆ ಕಟ್ಟಿಗೆಯ ಆಸರೆ ಕೊಟ್ಟು, ಸಿಮೆಂಟು ಕೆತ್ತಿ ತೆಗೆದು, ಸಡಿಲಾದ ಕಲ್ಲು ಕೂರಿಸಿ ಗಾರೆ ತುಂಬಿದರು. ಗಾರೆ ಅರೆಯುವ ಹೆಂಗಸರು ಕೈ ನಿಧಾನ ಮಾಡಿದರೆ, "ಏನವ್ವಾ, ಚಟ್ನಿ ಅರ್ಯಾಕ ಹತ್ತೀಯೇನು? ಬೆಣ್ಣಿ ಆಗ್ಬೇಕದು!" ಎಂದು ಛೇಡಿಸುತ್ತಿದ್ದರು.

ಆಸರೆ ತೆಗೆಯುವ ದಿನ ನಾವೆಲ್ಲ ದೂರ ಸರಿದೆವು. ಕಾಕಾ ಮಾತ್ರ ರುಮಾಲು ಕೊಡವಿ ಸುತ್ತಿಕೊಂಡು, ಕಮಾನಿನ ನಟ್ಟನಡುವೆ ಹೋಗಿ ನಿಂತರು. ನಾನು ಕೂಗಿಕೊಂಡೆ:

"ಕಾಕಾ, ಹೊರಗ ಬರ್ರಿ!"

"ಕಟ್ಟಿದಾಂವನ ನಿಲ್ಲಲಿಲ್ಲಂದ್ರ ಊರ ಮಂದಿ ಹೆಂಗ ಹಾಯಬೇಕವ್ವಾ? ನಮ್ಮ ರಿವಾಜಿದು. ಬಡೀರಲೇ!"

ಕೆಲಸದವರು ಆಸರೆಗೆ ಬಿಗಿದಿದ್ದ ಬೆಣೆ ಬಡಿದು ಸಡಿಲಿಸಿದರು. ಕಟ್ಟಿಗೆ ಕಳಚಿ ಬಿತ್ತು. ಕಮಾನು ಕೂದಲೆಳೆಯಷ್ಟೂ ಅಲುಗಲಿಲ್ಲ! ಸಾಹೇಬರೇ ಬಂದು ಕಾಕಾನ ಸುಣ್ಣದ ಕೈ ಹಿಡಿದುಕೊಂಡರು. ನಮ್ಮ ಓಣಿಯವರು ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಈಗ ಹಿಂಬಾಗಿಲ ಕಮಾನಿನ ಸರದಿ. ದುರಸ್ತಿ ಮಾಡಿದ ಗೌಂಡಿ ಕಾಕಾನ ಕೈಕೆಳಗೇ ಕಲಿತವನು. ಗಾರೆಯ ಹದವೂ ಅದೇ. ಆದರೆ ಮೊನ್ನೆ ಆಸರೆ ತೆಗೆಯುವಾಗ ವಿಡಿಯೋ ತೆಗೆಯಲು ಫೋನು ಹಿಡಿದು ದೂರ ನಿಂತಿದ್ದ. ನನಗೆ ಸಿಟ್ಟು ಬಂತು. ಸೆರಗು ಬಿಗಿದು ನಾನೇ ಹೋಗಿ ಕಮಾನಿನ ಕೆಳಗೆ ನಿಂತೆ.

"ಅಕ್ಕಾರ, ಸರೀರಿ!" ಎಂದ.

"ನಿಮ್ಮ ಗುರು ಸರದಿದ್ರೇನಪಾ?"

ಅವನು ಫೋನು ಜೇಬಿಗಿಳಿಸಿ ಬಂದು ಪಕ್ಕದಲ್ಲಿ ನಿಂತ. ಕೆಲಸದವರು ಬೆಣೆಗೆ ಸುತ್ತಿಗೆ ಹಿಡಿದು ಕಾಯುತ್ತಿದ್ದರು. ಅಪ್ಪಣೆ ಕೊಡುವ ಆ ದನಿ ಇರಲಿಲ್ಲ... ಕಡೆಗೆ ನಾನೇ ಕೂಗಿದೆ:

"ಬಡೀರಲೇ!"