ಕುಡಿಯದೆ ಬಿಟ್ಟ ನೀರು

ನಮ್ಮ ಕಮಲಾಪುರದಲ್ಲಿ ಹೊರಗಿನಿಂದ ಬಂದವರ ಕೈಗೆ ಮೊದಲು ನೀರಿನ ತಂಬಿಗೆ ಬರಬೇಕು, ಮಾತುಕತೆ ಆಮೇಲೆ. ನನ್ನ ಕಿಡ್ನಿಗಳು ಕೈಕೊಟ್ಟ ಮೇಲೆ ಆ ತಂಬಿಗೆ ನನ್ನನ್ನು ದಾಟಿ ಪಕ್ಕದವರಿಗೆ ಹೋಗತೊಡಗಿತು. ಯಾರ ಮನೆಗೆ ಹೋದರೂ "ಇವರಿಗೆ ನೀರು ನಡ್ಯಾಂಗಿಲ್ರಿ" ಎಂದು ಹೆಂಡತಿ ಮೊದಲೇ ಹೇಳಿಬಿಡುತ್ತಿದ್ದಳು. ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಳು, ಆದರೂ ಮೈಯೆಲ್ಲ ಉರಿಯುತ್ತಿತ್ತು.

ಕುಡಿದ ನೀರು ಹೊರಗೆ ಹೋಗದ ದೇಹ ಇದು. ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ ನನ್ನ ಪಾಲು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯಲ್ಲಿ ಬಾಯಿಬಲದ ಮೇಲೇ ಬದುಕಿದವನು ನಾನು. ಬೇಸಿಗೆಯ ಮಧ್ಯಾಹ್ನ ಗಿರಾಕಿಯ ಮುಂದೆ ಸೀರೆಯ ಸೆರಗು ಬಿಚ್ಚಿ ಹಾಸುವಾಗ ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಏಳುತ್ತಿರಲಿಲ್ಲ. ಡಯಾಲಿಸಿಸ್‌ಗೆ ಹೋದರೆ ಮೊದಲು ತೂಕ ನೋಡುತ್ತಾರೆ. ತೂಕ ಏರಿದ್ದರೆ ನೀರು ಕುಡಿದಿದ್ದೀಯೆಂದು ಬೈಗುಳ. ಏರದಿದ್ದರೆ ಶಾಬಾಸ್ ಅನ್ನುವವರು ಯಾರೂ ಇಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ ಡಯಾಲಿಸಿಸ್ ರೋಗಿಗಳಾದ ನಮ್ಮನ್ನೆಲ್ಲ ಮನೆಯವರ ಸಮೇತ ಒಂದು ಸಭೆಗೆ ಕರೆದರು. ಯಂತ್ರದಲ್ಲಿ ಹರಿಯುವ ದ್ರಾವಣದ ಉಪ್ಪನ್ನು ತುಸು ಇಳಿಸಿದರೆ ರೋಗಿಗಳಿಗೆ ಒಳ್ಳೆಯದಾಗುತ್ತದೆಯೇ ಎಂದು ಪರೀಕ್ಷೆ ಮಾಡುವವರಿದ್ದರು. ಒಳ್ಳೆಯದು ಅಂದರೆ ಏನು, ಯಾವುದನ್ನು ಅಳೆದು ನೋಡಬೇಕು ಎಂಬುದನ್ನು ರೋಗಿಗಳೂ ಹೇಳಬೇಕಂತೆ. ಡಾಕ್ಟರ್ ಮೇಡಂ ತಮ್ಮ ಕಡೆಯಿಂದ ಓದಿದರು: ರಕ್ತದೊತ್ತಡ, ತೂಕ, ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದು, ಸಾವು. ನಾವೆಲ್ಲ ಕೋಲೆಬಸವನಂತೆ ತಲೆಯಾಡಿಸಿದೆವು. ಸಾವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಯಾರು ಹೇಳಿಯಾರು?

ಅಷ್ಟರಲ್ಲಿ ಜವಾನ ಬಂದ. ಉಪಚಾರದಲ್ಲಿ ಕಡಿಮೆಯಾಗಬಾರದೆಂದು ಒಬ್ಬೊಬ್ಬರ ಮುಂದೆಯೂ ತಣ್ಣನೆಯ ನೀರಿನ ಬಾಟಲಿ ಇಟ್ಟು ಹೋದ. ಎಲ್ಲರ ಕಣ್ಣೂ ಬಾಟಲಿಯ ಮೇಲೆ. ಮೇಡಂ ಮುಖ ಸಣ್ಣದಾಯಿತು. "ಅಯ್ಯೋ, ಮೊದಲು ಇವನ್ನ ತಗೀರಿ" ಎಂದರು.

"ಇರಲಿ ಬಿಡ್ರಿ ಮೇಡಂ," ಎಂದೆ. "ಏನು ಅಳೀಬೇಕಂತ ಕೇಳಿದ್ರಲ್ಲ, ಇದನ್ನ ಅಳೀರಿ. ನಮ್ಮ ನೀರಡಿಕಿ. ಕುಡದ ನೀರು ನಿಮ್ಮ ತೂಕದ ಮಷೀನಿಗೆ ಗೊತ್ತಾಗ್ತದ. ಕುಡೀದೇ ಬಿಟ್ಟ ನೀರು ಯಾರಿಗೆ ಗೊತ್ತಾಗ್ತದ್ರಿ?"

"ನೀರು ಕಡಿಮಿ ಮಾಡಿದ ಮ್ಯಾಲ ನೀರಡಿಕಿ ಎಲ್ಲಾರಿಗೂ ಇರೋದೇ ಅಲ್ರಿ ಕಾಕಾ," ಎಂದರು ಮೇಡಂ, ಮೆಲ್ಲಗೆ.

ನನ್ನ ಪಕ್ಕದ ಹಾಸಿಗೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಮುಸ್ಲಿಂ ಮುದುಕಿಯೊಬ್ಬರಿದ್ದಾರೆ, ನಾವೆಲ್ಲ ಖಾಲಾ ಎಂದು ಕರೆಯುವವರು. ಅವರು ಕೂತಲ್ಲಿಂದಲೇ ಹೇಳಿದರು: "ನಾ ಸಣ್ಣಾಕಿ ಇದ್ದಾಗಿಂದ ರೋಜಾ ಉಪವಾಸ ಹಿಡದಾಕಿ, ಬೇಟಿ. ನೀರಡಿಕಿ ನನಗ ಹೊಸದಲ್ಲ. ಆದ್ರ ರೋಜಾಕ್ಕ ಸಂಜಿಗೆ ಇಫ್ತಾರ್ ಅದ. ಇದಕ್ಕ ಇಫ್ತಾರ್ ಎಲ್ಲಿ ಅದ?"

ಆಮೇಲೆ ಒಬ್ಬರಾದ ಮೇಲೊಬ್ಬರು ಬಾಯಿ ಬಿಟ್ಟರು. ಒಬ್ಬರಿಗೆ ಕನಸಿನಲ್ಲೂ ಬಾವಿಯೇ ಕಾಣುತ್ತದಂತೆ. ಇನ್ನೊಬ್ಬರು ಬಾಯಿ ಮುಕ್ಕಳಿಸಿ ಉಗುಳುವ ನೆಪದಲ್ಲಿ ನುಂಗುತ್ತಾರಂತೆ. ನಕ್ಕೆವು, ಆದರೆ ಅಲ್ಲಿ ನುಂಗದವರು ಯಾರಿದ್ದರು? ಹಿಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಮೇಡಂ ಬರೆದುಕೊಂಡರು. "ಮುಖ್ಯವಾಗಿ ನೋಡೋದು ಆಸ್ಪತ್ರಿಗೆ ಸೇರೋದು ಕಡಿಮಿ ಆಗ್ತದೇನಂತ. ಆದ್ರ ಪ್ರತಿ ಸಲ ನೀರಡಿಕಿ ಎಷ್ಟದ ಅಂತಾನೂ ಕೇಳ್ತೀವ್ರಿ. ಅದೂ ಲೆಕ್ಕಕ್ಕ ಬರ್ತದ," ಎಂದರು. ಪೂರಾ ಗೆದ್ದೆ ಅನ್ನಲಾರೆ. ಅಷ್ಟಾದರೂ ಆಯಿತಲ್ಲ ಎಂದು ಖುಷಿಯಾಯಿತು.

ಸಂಜೆ ಬಸ್ಸಿಳಿದು ಮನೆಗೆ ಬಂದೆವು. ಹೆಂಡತಿ ನನಗಿಂತ ಮೊದಲು ಒಳಗೆ ಹೋದಳು, ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. ತಳದಲ್ಲಿ ಒಂದೇ ಗುಟುಕು ನೀರಿತ್ತು.

"ಇನ್ಮ್ಯಾಲ ನಿಮ್ಮ ಬಾಟಲಿನ್ಯಾಗಿಂದ ಒಂದು ಗುಟುಕು ತಗದಿಡ್ತೀನಿ," ಎಂದಳು. "ಮನಿಗೆ ಬಂದವರಿಗೆ ನೀರು ಕೊಡಬೇಕಲ್ಲ."

ಎತ್ತಿ ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಈಗ ನೀರಡಿಕಿ ಎಷ್ಟದ?"

ಅವಳು ಹೆದರುತ್ತಾಳೆಂದು ನಾನು ಯಾವಾಗಲೂ "ಏನಿಲ್ಲ" ಅನ್ನುತ್ತಿದ್ದೆ.

"ಭಾಳ ಅದ," ಎಂದೆ.